ಮಿಕ್ಸಿಗೆ ಜಾರ್ ಗೊತ್ತು, ಬೆರಳು ಗೊತ್ತಿಲ್ಲ

ಯಾವ ಜಾರ್ ಕೂರಿಸಿದ್ದೀರಿ ಎಂಬುದನ್ನು ತಾನೇ ಗುರುತಿಸುವ ಅಡುಗೆ ಯಂತ್ರಗಳು ಈಗ ಬಂದಿವೆ. ಅಮೆರಿಕದ ವೈಟಾಮಿಕ್ಸ್ ಕಂಪನಿಯ ‘ಅಸೆಂಟ್’ ಯಂತ್ರ, ಜಾರ್ ಸರಿಯಾಗಿ ಕೂರದಿದ್ದರೆ ತಿರುಗುವುದೇ ಇಲ್ಲ. ಒಳ್ಳೆಯದೇ. ಆದರೆ ಅದು ಗುರುತಿಸುವುದು ಜಾರನ್ನು, ಜಾರಿನೊಳಗಿನ ಬೆರಳನ್ನಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ ಮುದ್ದೆಗೆ ಬಸ್ಸಾರಿನ ಖಾರ ರುಬ್ಬುವಾಗ ಕರೆಂಟ್ ಹೋಗುವುದು ಹೊಸದೇನಲ್ಲ. ಆಗ ಮುಚ್ಚಳ ತೆಗೆದು ಬೆರಳಿನಿಂದ ಖಾರ ಕೆದಕುವವರಿದ್ದಾರೆ. ಸಾಮಾನ್ಯ ಮಿಕ್ಸಿಯ ಸ್ವಿಚ್ ಆರಿಸದೆ ಬಿಟ್ಟಿದ್ದರೆ ಕರೆಂಟ್ ಬಂದ ಕ್ಷಣವೇ ಬ್ಲೇಡ್ ತಿರುಗುತ್ತದೆ. ಆದ್ದರಿಂದ ಮೊದಲು ಸ್ವಿಚ್ ಆರಿಸಿ, ಒದ್ದೆ ಕೈ ಒರೆಸಿಕೊಂಡು ಪ್ಲಗ್ ತೆಗೆಯಿರಿ, ಚಮಚದಿಂದಲೇ ಕೆದಕಿ.

ಬೆರಳು ಕೊಯ್ದರೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಶುದ್ಧ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿದು, ಕೈಯನ್ನು ಮೇಲೆತ್ತಿರಿ. ರಕ್ತ ನಿಲ್ಲದಿದ್ದರೆ, ಗಾಯ ಆಳವಾಗಿದ್ದರೆ, ಬೆರಳು ಮಡಚಲು ಬಾರದಿದ್ದರೆ ಅಥವಾ ಜೋಮು ಹಿಡಿದರೆ ತಡಮಾಡದೆ ತಾಲ್ಲೂಕು ಆಸ್ಪತ್ರೆಗೋ ಹಾಸನದ ಜಿಲ್ಲಾ ಆಸ್ಪತ್ರೆಗೋ ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.

ಜಾಣ ಯಂತ್ರ ಕೊಳ್ಳುವುದು ನಿಮ್ಮ ಇಷ್ಟ, ನಿಮ್ಮ ಅನುಕೂಲ. ಪ್ಲಗ್ ತೆಗೆಯುವ ಅಭ್ಯಾಸಕ್ಕೆ ಮಾತ್ರ ಕಾಸಿನ ಖರ್ಚೂ ಇಲ್ಲ. ಮನೆಯಲ್ಲಿ ಮಿಕ್ಸಿ ಮುಟ್ಟುವ ಪ್ರತಿಯೊಬ್ಬರಿಗೂ ಇದನ್ನು ಇಂದೇ ಕಲಿಸಿ.