ಕೆರೆ ಮೇಲೆ ಪಿಎಚ್‌ಡಿ ಮಾಡೋರಿಗೆ ಕೆರೆ ದಂಡೆಯ ಟ್ರೇನಿಂಗ್ ಯಾರು ಕೊಡ್ತಾರೆ?

ಪಿಎಚ್‌ಡಿ ಅಂದ ತಕ್ಷಣ ನಮ್ಮ ಬ್ಯಾಚಲ್ಲಿ ಎರಡೇ ರಿಯಾಕ್ಷನ್. ಒಂದು, "ಯಾಕೆ, ಪ್ಲೇಸ್‌ಮೆಂಟ್ ಆಗ್ಲಿಲ್ವಾ?" ಇನ್ನೊಂದು, "ಯಾವ ದೇಶ?" ಅದರಲ್ಲೂ ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಅಂದ್ರೆ ಮುಗೀತು, ಜೂನ್ 5ಕ್ಕೆ ಗಿಡ ನೆಡೋಕೆ ಕರೀತಾರೆ, ಆಮೇಲೆ ಮರೀತಾರೆ. ಆದ್ರೆ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ, ಹಲಸೂರು ಕೆರೆಯಲ್ಲಿ ಮೀನು ಸತ್ತು ತೇಲಿದಾಗ ಟಿವಿಯವರು ಮೈಕ್ ಹಿಡಿಯೋದು ಇಂಥವರ ಮುಂದೇನೇ. ಹಾಗಾಗಿ ಇವರನ್ನ ಹೇಗೆ ತಯಾರು ಮಾಡ್ತೀವಿ ಅನ್ನೋದು ಬರೀ ಅವರ ತಲೆನೋವಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮಲ್ಲಿ ಪರಿಸರ ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪೇಪರ್ ಬರೆಯೋಕೆ ಟ್ರೇನಿಂಗ್ ಸಿಗುತ್ತೆ. ಫೀಲ್ಡಲ್ಲಿ ಕೆಲಸ ಮಾಡೋಕೆ, ಜನರ ಹತ್ರ ಮಾತಾಡೋಕೆ ಬಹುಪಾಲು ಸಿಗೋದಿಲ್ಲ. ಇದು ತಲೆಕೆಳಗಾಗಿದೆ.

ನಿಯಮ ಏನಿದೆ ನೋಡೋಣ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್. ಅದರೊಳಗೆ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಅನ್ನೋ 2 ಕ್ರೆಡಿಟ್ ಕೋರ್ಸು, 30 ಗಂಟೆ. ಅದು ಒಳ್ಳೇದೇ, ಕಾಪಿ ಹೊಡೆಯೋದು ತಪ್ಪು ಅಂತ ಗೊತ್ತಿರ್ಬೇಕಲ್ಲ. ಥೀಸಿಸ್ ಕೊಡೋ ಮೊದಲು ಜರ್ನಲ್‌ನಲ್ಲಿ ಪೇಪರ್ ಬರಲೇಬೇಕು ಅನ್ನೋ ಹಳೇ ಕಡ್ಡಾಯವನ್ನೂ ಅದೇ ನಿಯಮಗಳಲ್ಲಿ ತೆಗೆದುಹಾಕಿದ್ರು. ಎಲ್ಲ ವಿಷಯದ ಸಂಶೋಧಕರೂ ಪಾಠ ಮಾಡೋದು, ಬರೆಯೋದು ಕಲೀಬೇಕು ಅಂತಾನೂ ಇದೆ. ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್ ಕೆಲಸ ಕೊಡಬಹುದು ಅಂತಾನೂ ಇದೆ. ನಮ್ಮ ಲ್ಯಾಬಲ್ಲಿ ಬ್ಯೂರೆಟ್ ಓದೋದು ಹೇಗೆ ಅಂತ ಮೂರನೇ ಸಲ ಹೇಳಿಕೊಡೋ ಅಕ್ಕ ಅಥವಾ ಅಣ್ಣ ಯಾಕೆ ಅಲ್ಲಿರ್ತಾರೆ ಅಂತ ಈಗ ಗೊತ್ತಾಯ್ತಲ್ಲ.

ಅಂದ್ರೆ ಕಾಗದದ ಮೇಲೆ ಬಾಗಿಲು ತೆರೆದಿದೆ. ಒಳಗೆ ಏನು ತುಂಬ್ತೀವಿ ಅನ್ನೋದೇ ಪ್ರಶ್ನೆ.

ಒಂದು ಉದಾಹರಣೆ ತಗೊಳ್ಳಿ. ಕೆರೆ ನೀರಲ್ಲಿ ಕರಗಿರೋ ಆಮ್ಲಜನಕ ಅಳೀಬೇಕು. ನಾವು ಲ್ಯಾಬಲ್ಲಿ ಮಾಡೋ ವಿಂಕ್ಲರ್ ಟೈಟ್ರೇಷನ್ನೇ. ಪುಸ್ತಕದಲ್ಲಿ ಅರ್ಧ ಪುಟ. ಕೆರೆ ದಂಡೆಯಲ್ಲಿ ಅದು ಬೇರೇನೇ ಆಟ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದ ಹಾಗೆ ನೀರು ತುಂಬಬೇಕು. ಅಲ್ಲೇ ನಿಂತು ಮ್ಯಾಂಗನೀಸ್ ಸಲ್ಫೇಟು, ಆಲ್ಕಲಿ ಅಯೋಡೈಡು ಹಾಕಿ ಆಮ್ಲಜನಕವನ್ನ ಕಟ್ಟಿಹಾಕಬೇಕು. "ಲ್ಯಾಬಿಗೆ ಹೋಗಿ ಮಾಡೋಣ ಬಿಡು" ಅಂತ ಬ್ಯಾಗಲ್ಲಿಟ್ಟುಕೊಂಡು ಬಸ್ ಹತ್ತಿದ್ರೆ ದಾರಿಯಲ್ಲೇ ನೀರೊಳಗಿನ ಜೀವಿಗಳು ಅದನ್ನ ಖರ್ಚು ಮಾಡಿಬಿಡ್ತವೆ.

ಇದಕ್ಕಿಂತ ದೊಡ್ಡ ವಿಷಯ ಟೈಮಿಂಗು. ಕೊಳಚೆ ನೀರು ಸೇರಿ ಪಾಚಿ ತುಂಬಿರೋ ಕೆರೆಯಲ್ಲಿ ಬಿಸಿಲಿದ್ದಾಗ ಪಾಚಿ ಆಮ್ಲಜನಕವನ್ನ ನೀರಿಗೆ ಬಿಡ್ತಾನೇ ಇರುತ್ತೆ. ರಾತ್ರಿ ಅದೇ ಪಾಚಿ ಉಸಿರಾಡಿ ಖಾಲಿ ಮಾಡುತ್ತೆ. ಸೂರ್ಯ ಹುಟ್ಟೋಕೆ ಸ್ವಲ್ಪ ಮೊದಲು ಅತಿ ಕಡಿಮೆ ಇರುತ್ತೆ, ಮೀನು ಉಸಿರುಗಟ್ಟೋದು ಆಗ. ಈಗ ನೀವು ತಿಂಡಿ ತಿಂದು ಆರಾಮಾಗಿ ಮಧ್ಯಾಹ್ನ ಹೋಗಿ ಸ್ಯಾಂಪಲ್ ತಗೊಂಡ್ರಿ ಅಂದ್ಕೊಳ್ಳಿ. ಲೀಟರಿಗೆ 9 ಮಿಲಿಗ್ರಾಂ ಅಂತ ಬಂತು. ಮೀನಿಗೆ 4 ಇದ್ರೆ ಸಾಕು ಅನ್ನುತ್ತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಹಾಗಾದ್ರೆ ಕೆರೆ ಸೂಪರ್! ಟೈಟ್ರೇಷನ್ ಸರಿ, ಲೆಕ್ಕ ಸರಿ, ಗ್ರಾಫ್ ಸರಿ, ತೀರ್ಮಾನ ಮಾತ್ರ ಪೂರ್ತಿ ಉಲ್ಟಾ. ಯಾವ ಹೊತ್ತಲ್ಲಿ, ಎಷ್ಟು ಕಡೆ, ಎಷ್ಟು ಆಳದಲ್ಲಿ ನೀರು ತೆಗೀಬೇಕು ಅನ್ನೋದು ಪಿಪಿಟಿಯಿಂದ ಬರೋ ಬುದ್ಧಿ ಅಲ್ಲ. ಗೊತ್ತಿರೋರ ಜೊತೆ ಬೆಳಗಿನ ಜಾವ 5 ಗಂಟೆಗೆ ದಂಡೆಯಲ್ಲಿ ನಿಲ್ಲಬೇಕು. ಈಗ ಇದು ಗೈಡ್ ಹೇಗೆ ಸಿಕ್ತಾರೆ ಅನ್ನೋದರ ಮೇಲೆ ನಿಂತಿದೆ. ಒಳ್ಳೆ ಗೈಡ್ ಸಿಕ್ರೆ ಕಲಿತೆ, ಇಲ್ಲಾಂದ್ರೆ ನಿನ್ನ ಹಣೆಬರಹ.

ಸುರಕ್ಷತೆ ಕಥೆಯೂ ಅಷ್ಟೇ. ಸಿಒಡಿ ಪರೀಕ್ಷೆಗೆ ಡೈಕ್ರೋಮೇಟು, ಮರ್ಕ್ಯುರಿ ಸಲ್ಫೇಟು, ಬಿಸಿ ಸಲ್ಫ್ಯೂರಿಕ್ ಆಸಿಡ್ಡು ಎಲ್ಲ ಬೇಕು. ಕೆರೆಯ ಮಾಲಿನ್ಯ ಅಳೆದು, ಉಳಿದ ಪಾದರಸವನ್ನ ಸಿಂಕಿಗೆ ಸುರಿದ್ರೆ ಅದು ಹೋಗೋದೆಲ್ಲಿಗೆ? ಮಲೆನಾಡಿನ ಕಾಡಲ್ಲಿ ಕೆಲಸ ಮಾಡೋರಿಗೆ ಉಣ್ಣೆ ಕಡಿತ, ಮಂಗನ ಕಾಯಿಲೆ. ಹಾವು ಕಚ್ಚಿದ್ರೆ ಬ್ಲೇಡಲ್ಲಿ ಕುಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಅಲುಗಾಡಿಸದೆ ಆಸ್ಪತ್ರೆಗೆ ಓಡಬೇಕು ಅಂತ ಫೀಲ್ಡಿಗೆ ಕಳಿಸೋ ಮುಂಚೆ ಅರ್ಧ ದಿನ ಹೇಳಿಕೊಟ್ರೆ ಯಾರ ಗಂಟು ಹೋಗುತ್ತೆ?

ಈಗ ನನಗೆ ಅತಿ ಮುಖ್ಯ ಅನ್ನಿಸೋ ವಿಷಯಕ್ಕೆ ಬರ್ತೀನಿ. ನಮ್ಮಜ್ಜಿ ಊರು ಕೋಲಾರದ ಕಡೆ. ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬಿಟ್ಟಿದ್ದು 2018ರಲ್ಲಿ. ಶುರುವಾದ ಸ್ವಲ್ಪ ದಿನಕ್ಕೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸ್ಕೊಂಡು, ವಿಷಯ ಕೋರ್ಟಿಗೆ ಹೋಯ್ತು. ನಮ್ಮ ಮಾವನ ಪ್ರಶ್ನೆ ಸಿಂಪಲ್: "ಈ ನೀರಲ್ಲಿ ಬೆಳೆದ ಟೊಮೇಟೊ ತಿನ್ನಬಹುದಾ, ಇಲ್ವಾ?" ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ ಅನ್ನೋ ಖುಷಿ ಒಂದು ಕಡೆ, ಭಯ ಒಂದು ಕಡೆ. ಇದಕ್ಕೆ ಉತ್ತರ ಹೌದು-ಇಲ್ಲ ಅಂತ ಒಂದು ಪದದಲ್ಲಿ ಬರಲ್ಲ. ಎರಡನೇ ಹಂತದ ಸಂಸ್ಕರಣೆ ಮುಖ್ಯವಾಗಿ ಕೊಳೆಯೋ ಪದಾರ್ಥ ತೆಗೆಯೋಕೆ ಇರೋದು, ಭಾರ ಲೋಹ ತೆಗೆಯೋಕೆ ಅಲ್ಲ. ಮಣ್ಣಲ್ಲಿ ಏನು ಸೇರ್ತಿದೆ, ಹಣ್ಣಿಗೆ ಎಷ್ಟು ಹೋಗ್ತಿದೆ ಅಂತ ವರ್ಷಗಟ್ಟಲೆ ಅಳೀಬೇಕು. ಅಳೆದ ಮೇಲೆ ಮಾವನಿಗೆ ಹೇಳಬೇಕು. ಕನ್ನಡದಲ್ಲಿ. ಕೋಲಾರದಲ್ಲಿ ಆದ್ರೆ ಸ್ವಲ್ಪ ತೆಲುಗಲ್ಲೂ.

ಇಲ್ಲೇ ಗಾಡಿ ನಿಲ್ಲೋದು. ಬಿಒಡಿ ಅನ್ನೋದನ್ನ 'ಜೈವಿಕ ಆಮ್ಲಜನಕ ಬೇಡಿಕೆ' ಅಂತ ಅನುವಾದ ಮಾಡಿ ಬೋರ್ಡ್ ಹಾಕಿದ್ರೆ ಕನ್ನಡ ಆಯ್ತು ಅಂತ ಅಂದ್ಕೋತೀವಿ. ಆಮ್ಲಜನಕಕ್ಕೆ ಬೇಡಿಕೆ ಜಾಸ್ತಿ ಅಂದ್ರೆ ಒಳ್ಳೇದೋ ಕೆಟ್ಟದ್ದೋ ಅಂತ ಯಾರಿಗೆ ತಿಳಿಯುತ್ತೆ? "ನೀರಲ್ಲಿರೋ ಕೊಳೆ ತಿಂದು ಮುಗಿಸೋಕೆ ಹುಳಗಳಿಗೆ ಎಷ್ಟು ಉಸಿರು ಬೇಕು ಅನ್ನೋ ಲೆಕ್ಕ ಇದು, ಜಾಸ್ತಿ ಇದ್ರೆ ಮೀನಿಗೆ ಉಸಿರು ಉಳಿಯಲ್ಲ" ಅಂದ್ರೆ ಅಜ್ಜಿಗೂ ಅರ್ಥ ಆಗುತ್ತೆ. (ಬ್ಯಾಕ್ಟೀರಿಯಾನ ಹುಳ ಅಂದಿದ್ದಕ್ಕೆ ಬಯೋಟೆಕ್‌ನವರು ಕ್ಷಮಿಸಿ.) ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಈ ಒಂದು ವಾಕ್ಯ ಬರೆಯೋಕೆ ಕಾಲು ಗಂಟೆ ಹಿಡೀತು. ಅಂದ್ರೆ ಇದು ತಾನಾಗೇ ಬರೋ ವಿದ್ಯೆ ಅಲ್ಲ, ಅಭ್ಯಾಸ ಮಾಡಿಸಬೇಕಾದ ವಿದ್ಯೆ.

ಮಾಡದೇ ಇದ್ರೆ ಏನಾಗುತ್ತೆ? ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಡ್ತು. ಅದು ಸಾರ್ವಜನಿಕರ ಕೈಗೆ ಬಂದಿದ್ದು 2012ರಲ್ಲಿ, ಇಂಗ್ಲಿಷಲ್ಲಿ. ಸ್ಥಳೀಯ ಭಾಷೆಗಳಿಗೆ ಅನುವಾದ ಮಾಡಿ ಗ್ರಾಮಸಭೆಗಳ ಮುಂದೆ ಇಡಿ ಅಂತ ಗಾಡ್ಗೀಳರೇ ಕೇಳ್ತಾ ಬಂದ್ರು. ಘಟ್ಟದ ಊರುಗಳಿಗೆ ವರದಿಗಿಂತ ಮೊದಲು ತಲುಪಿದ್ದು "ನಿಮ್ಮನ್ನ ಒಕ್ಕಲೆಬ್ಬಿಸ್ತಾರೆ" ಅನ್ನೋ ಮಾತು. ಪರಿಸರ ಪರಿಣಾಮ ಅಧ್ಯಯನದ 2020ರ ಕರಡು ಬಂದಾಗಲೂ ಅದೇ ಕಥೆ, ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯ್ತು.

ಈ ಟ್ರೇನಿಂಗ್ ಅಸಾಧ್ಯ ಏನಲ್ಲ. ಬ್ರಿಟನ್‌ನಲ್ಲಿ ನೆರ್ಕ್ ಅನ್ನೋ ಸಂಶೋಧನಾ ಮಂಡಳಿ 2014ರಿಂದ ಪರಿಸರ ವಿಜ್ಞಾನದ ಪಿಎಚ್‌ಡಿಯವರನ್ನ ಹಲವು ವಿಶ್ವವಿದ್ಯಾಲಯಗಳ ಒಕ್ಕೂಟದಲ್ಲಿ ಒಟ್ಟಿಗೆ ತರಬೇತಿಗೊಳಿಸ್ತಿದೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಏಟ್ರೀ ಸಂಸ್ಥೆಯ ಪಿಎಚ್‌ಡಿಯಲ್ಲಿ ಪರಿಸರದ ಜೊತೆ ಸಮಾಜ ವಿಜ್ಞಾನವನ್ನೂ ಓದಿಸ್ತಾರೆ. ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನ 2010ರಿಂದ ಇದೇ ಊರಲ್ಲಿ ನಡೀತಿದೆ, ಅದರಲ್ಲಿ ಭಾಷಣದ ಜೊತೆ ಕಾರ್ಯಾಗಾರಗಳೂ ಇರ್ತವೆ. ಆದ್ರೆ ಇವೆಲ್ಲ ದೊಡ್ಡ ಸಂಸ್ಥೆಗಳ ಸುತ್ತಮುತ್ತ. ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ ಒಬ್ಬರೇ ಕೂತು ಥೀಸಿಸ್ ಬರೀತಿರೋರಿಗೆ ಇದು ಎಷ್ಟರಮಟ್ಟಿಗೆ ಸಿಗುತ್ತೆ?

ಇದನ್ನ ನಮ್ಮ ಲ್ಯಾಬಿನ ಸಂಶೋಧಕಿ ಒಬ್ಬರ ಹತ್ರ ಹೇಳಿದ್ದಕ್ಕೆ ಅವರು ನಕ್ಕು, "ಇನ್ನೊಂದು ಕೋರ್ಸಾ? ಮೊದಲು ಫೆಲೋಶಿಪ್ ಟೈಮಿಗೆ ಬರ್ಲಿ" ಅಂದ್ರು. ನ್ಯಾಯವಾದ ಮಾತು. 2023ರಲ್ಲಿ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ಆಯ್ತು, ಆದ್ರೆ ಎಲ್ಲರಿಗೂ ಜೆಆರ್‌ಎಫ್ ಇರಲ್ಲ. ಅದಕ್ಕೇ ನಾನು ಹೇಳ್ತಿರೋದು ಹೊಸ ಭಾರ ಹೊರಿಸಿ ಅಂತಲ್ಲ, ಇರೋ 12 ಕ್ರೆಡಿಟ್ ಒಳಗೇ ಜಾಗ ಮಾಡಿ ಅಂತ. ಸ್ಲೈಡ್ ಓದಿ ಹೇಳೋ ಗಂಟೆಗಳಲ್ಲಿ ಎರಡು ಕ್ರೆಡಿಟ್ ಕಿತ್ತುಕೊಳ್ಳಿ. ಒಂದು ಫೀಲ್ಡ್ ಕೆಲಸಕ್ಕೆ ಮತ್ತು ಸುರಕ್ಷತೆಗೆ. ಇನ್ನೊಂದಕ್ಕೆ ಪರೀಕ್ಷೆ ಹೀಗಿರಲಿ: ತನ್ನ ಸಂಶೋಧನೆಯನ್ನ ಆ ಊರಿನ ಜನರ ಮುಂದೆ ಅವರ ಭಾಷೆಯಲ್ಲಿ ಹೇಳಿ, ಅವರ ಪ್ರಶ್ನೆಗೆ ಉತ್ತರ ಕೊಡೋದು. ಮಾರ್ಕ್ಸ್ ಊರಿನವರೂ ಕೊಡಲಿ.

ನಮ್ಮ ಸಂಘ ಇದರಲ್ಲಿ ಒಂದು ಕೈ ಹಾಕಬಹುದು. ನಮ್ಮ ಕ್ಯಾಂಪಸ್ಸಲ್ಲೇ ನೀರು, ಗಾಳಿ, ಕಸದ ಮೇಲೆ ಪಿಎಚ್‌ಡಿ ಮಾಡೋರಿದ್ದಾರೆ, ಅವರಲ್ಲಿ ಕೆಲವರಿಗೆ ಕನ್ನಡ ಮಾತೃಭಾಷೆ ಅಲ್ಲ. ಅವರ ಜೊತೆ ಕೂತು ಒಬ್ಬೊಬ್ಬರ ಕೆಲಸವನ್ನ ಒಂದೊಂದು ಪುಟದ ಕನ್ನಡಕ್ಕೆ ತರೋಣ. ಇಂಟರ್ನಲ್ಸ್ ಮುಗಿದ ಮೇಲಿನ ಶನಿವಾರ ನಾನು ಬರ್ತೀನಿ, ಬರೋರು ಹೆಸರು ಕೊಡಿ. ಮೊದಲ ಪುಟ ಬಿಒಡಿದೇ ಆಗಲಿ, ಒಂದು ವಾಕ್ಯ ಹೇಗೂ ರೆಡಿ ಇದೆ.