ಶಿಷ್ಯತ್ವವೂ ಸಾಕ್ಷಿಯೂ

ಕ್ರಿಸ್ತನ ಹೆಸರನ್ನು ಧರಿಸಿಕೊಂಡವರೆಲ್ಲರಿಗೂ ಎರಡು ಕರ್ತವ್ಯಗಳುಂಟು. ಆತನಿಂದ ಕಲಿಯುವದು ಒಂದು. ಕಲಿತದ್ದನ್ನು ಬೇರೆಯವರಿಗೆ ತಿಳಿಸುವದು ಇನ್ನೊಂದು. ಮೊದಲನೆಯದು ಶಿಷ್ಯತ್ವ, ಎರಡನೆಯದು ಸಾಕ್ಷಿ. ಆದರೆ ಸಾಕ್ಷಿ ಹೇಳುವದು ಬೋಧಕರ ಉದ್ಯೋಗವೆಂದೂ, ಶಿಷ್ಯತ್ವವು ದೀಕ್ಷಾಸ್ನಾನ ಮತ್ತು ಭಾನುವಾರದ ಆರಾಧನೆಗಳಿಂದ ಪೂರ್ತಿಯಾಗುವದೆಂದೂ ನಮ್ಮಲ್ಲಿ ಅನೇಕರು ಎಣಿಸಿಕೊಂಡಿರುವರು. ಈ ಎಣಿಕೆಯು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಕಲಿಯುವದನ್ನು ನಿಲ್ಲಿಸಿದವಳು ತಿಳಿಸಲಾರಳು; ತಿಳಿಸಲಿಕ್ಕೆ ನಾಚುವವಳು ಬಹುಕಾಲ ಕಲಿಯಲಾರಳು. ಈ ಶಾಲೆಯಿಂದ ಹೊರಟ ನಮ್ಮ ಹೆಣ್ಣುಮಕ್ಕಳು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಗೃಹಿಣಿಯರಾಗಿಯೂ ನಾನಾ ಊರುಗಳಲ್ಲಿ ಇರುವದರಿಂದ, ಈ ವಿಷಯದಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದು ಬಯಸುತ್ತೇವೆ.

ಹೊಸ ಒಡಂಬಡಿಕೆಯಲ್ಲಿ ಶಿಷ್ಯನೆಂಬುದಕ್ಕೆ ಇರುವ ಗ್ರೀಕ್ ಪದದ ಅರ್ಥವು ಕಲಿಯುವವನು ಎಂದೇ. ಕಲಿಯುವದೆಂದರೆ ಏನೆಂದು ಶಾಲೆಯವರಾದ ನಮಗೆ ಚೆನ್ನಾಗಿ ಗೊತ್ತುಂಟು. ಪಕ್ಕದವಳ ಹಲಗೆಯನ್ನು ನೋಡಿ ಬರೆದ ಲೆಕ್ಕದ ಉತ್ತರವು ಸರಿಯಾಗಿದ್ದರೂ ಅದು ಬರೆದವಳದಲ್ಲ. ಮರುದಿನ ಬೇರೆ ಲೆಕ್ಕ ಕೊಟ್ಟರೆ ಅವಳ ಕೈ ನಿಲ್ಲುವದು. ಭಕ್ತಿಯಲ್ಲಿಯೂ ಹೀಗೆಯೇ. ತಂದೆತಾಯಿಗಳ ವಿಶ್ವಾಸವನ್ನು ನೋಡಿ ಬರೆದುಕೊಂಡ ಹುಡುಗಿಯು, ಮದುವೆಯಾಗಿ ದೂರದ ಊರಿಗೆ ಹೋದ ಮೇಲೆ, ಮನೆಯಲ್ಲಿ ರೋಗವೋ ಸಾಲವೋ ಬಂದಾಗ, ತನ್ನದೆಂದು ಹೇಳತಕ್ಕದ್ದೇನೂ ಇಲ್ಲದೆ ಬರಿಗೈಯಲ್ಲಿ ನಿಲ್ಲುವಳು. ಆದಕಾರಣ ಸತ್ಯವೇದವನ್ನು ತಾನೇ ಓದಿ, ತಾನೇ ಪ್ರಾರ್ಥಿಸಿ, ಸಂದೇಹ ಬಂದಲ್ಲಿ ಹಿರಿಯರನ್ನು ಧೈರ್ಯವಾಗಿ ಕೇಳಿ, ವಿಶ್ವಾಸವನ್ನು ಸ್ವಂತದ್ದಾಗಿ ಮಾಡಿಕೊಳ್ಳುವದೇ ಶಿಷ್ಯಳ ಮೊದಲನೆಯ ಕೆಲಸವು.

ಇನ್ನು ಸಾಕ್ಷಿಯ ವಿಷಯ. ಯೋಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಸ್ತ್ರೀಯು ವೇದಪಂಡಿತಳಲ್ಲ. ಊರಿನಲ್ಲಿ ಒಳ್ಳೆಯ ಹೆಸರುಳ್ಳವಳೂ ಅಲ್ಲ. ಅವಳು ಕೊಡವನ್ನು ಬಾವಿಯ ಬಳಿಯಲ್ಲಿಯೇ ಬಿಟ್ಟು ಊರೊಳಗೆ ಹೋಗಿ, ತನಗೆ ಆದದ್ದಷ್ಟನ್ನೇ ಹೇಳಿ, ಬಂದು ನೋಡಿರೆಂದು ಜನರನ್ನು ಕರೆದಳು. ಕರ್ತನು ಆ ಊರಲ್ಲಿ ಎರಡು ದಿನ ಉಳಿದನು. ತಾವೇ ಆತನ ಮಾತನ್ನು ಕೇಳಿದ್ದರಿಂದ ನಂಬಿದೆವೆಂದು ಊರವರು ಆಮೇಲೆ ಅವಳಿಗೆ ಹೇಳಿದರು. ಸಾಕ್ಷಿಯ ಕೆಲಸವು ಕರೆಯುವದರಲ್ಲಿ ಮುಗಿಯುತ್ತದೆಂದು ಇದರಿಂದ ತಿಳಿಯುವದು. ನಂಬಿಸುವದು ದೇವರ ಕೆಲಸ. ಅದನ್ನು ನಮ್ಮ ಕೈಗೆ ತೆಗೆದುಕೊಂಡರೆ ಸಾಕ್ಷಿಯು ಒತ್ತಾಯವಾಗುವದು.

ಶಿಷ್ಯತ್ವವನ್ನೂ ಸಾಕ್ಷಿಯನ್ನೂ ಒಂದೇ ಜೀವನದಲ್ಲಿ ಕಾಣಬೇಕೆಂದರೆ ಪಂಡಿತಾ ರಮಾಬಾಯಿಯವರನ್ನು ನೋಡಬಹುದು. ಕಾರ್ಕಳದ ಕಡೆಯ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ ಇವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ಸ್ತ್ರೀಯರಿಗೆ ಸಂಸ್ಕೃತವು ಸಲ್ಲದೆಂದು ಲೋಕವು ಹೇಳುತ್ತಿದ್ದಾಗ ಆ ತಂದೆಯು ತನ್ನ ಹೆಂಡತಿಗೆ ಕಲಿಸಿದನು. ತಾಯಿಯು ಮಗಳಿಗೆ ಕಲಿಸಿದಳು. ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಆದರೂ ಪ್ರಶ್ನೆಗಳನ್ನು ಬಿಡಲಿಲ್ಲ. ಸಭೆಯ ಗುರುಗಳೊಂದಿಗೆ ಪತ್ರಮುಖವಾಗಿ ವಾದಿಸಿದರು. ಕೆಲವರಿಗೆ ಇದು ಅವಿಧೇಯತೆಯೆಂದು ತೋರಿತು. ಸ್ವಂತ ವಿಶ್ವಾಸವನ್ನು ಹುಡುಕುವ ಶಿಷ್ಯಳ ಲಕ್ಷಣವೆಂದು ನಮಗೆ ತೋರುತ್ತದೆ.

ಇವರು 1889ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಶಾರದಾ ಸದನವು ಮರುವರುಷ ಪುಣೆಗೆ ಬಂತು. ಅಲ್ಲಿ ಹಿಂದೂ ವಿಧವೆಯರಿಗೆ ಅವರ ಆಚಾರಗಳನ್ನು ಕೆಡಿಸದೆ ವಿದ್ಯೆ ಕಲಿಸುವದು ನಿಯಮವಾಗಿತ್ತು. ರಮಾಬಾಯಿಯವರು ತಮ್ಮ ಕೊಠಡಿಯಲ್ಲಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಮನಸ್ಸಿದ್ದ ಕೆಲವು ಹುಡುಗಿಯರು ಬಂದು ಕೂಡಿದರು. ಇದರಿಂದ 1893ರಲ್ಲಿ ದೊಡ್ಡ ಗದ್ದಲವೆದ್ದು, ರಾನಡೆ, ಭಾಂಡಾರಕರ ಮೊದಲಾದ ಸಜ್ಜನರು ಸಲಹಾ ಸಮಿತಿಯನ್ನು ಬಿಟ್ಟರು. ಅನೇಕ ಪೋಷಕರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಆ ಪೋಷಕರನ್ನು ನಾವು ಹಳಿಯುವದಿಲ್ಲ. ಮಗಳನ್ನು ನಂಬಿ ಒಪ್ಪಿಸಿದವರ ಭಯವು ಹಗುರವಾದದ್ದಲ್ಲ. ಆದರೆ ಆ ಬಾಗಿಲನ್ನು ಮುಚ್ಚಿಕೊಳ್ಳಬೇಕಾಗಿತ್ತೆಂದೂ ನಾವು ಹೇಳಲಾರೆವು. ಯಾರನ್ನೂ ಒಳಗೆ ಎಳೆಯಕೂಡದು. ತಾನು ಯಾರ ಮುಂದೆ ಮೊಣಕಾಲೂರುವಳೆಂಬದನ್ನು ಬಚ್ಚಿಡಲೂ ಕೂಡದು.

ಆಮೇಲಿನ ಸಂಗತಿಯು ಇನ್ನೂ ದೊಡ್ಡದು. 1896ರ ಅನಂತರ ಬರಗಾಲದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಅವರು ಕೇಡಗಾಂವಿಗೆ ಕರತಂದು ಅನ್ನವಿಟ್ಟು, ಓದು, ನೇಯ್ಗೆ, ಅಚ್ಚಿನ ಕೆಲಸಗಳನ್ನು ಕಲಿಸಿದರು. ಹಳ್ಳಿಯ ಸ್ತ್ರೀಯರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವು ಬೇಕೆಂದು, ವಯಸ್ಸಾದ ಮೇಲೆ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ, 1922ರಲ್ಲಿ ತೀರಿಕೊಳ್ಳುವ ತನಕ ಭಾಷಾಂತರದಲ್ಲಿ ದುಡಿದರು. ಅಷ್ಟು ಜನಕ್ಕೆ ಗುರುವಾದವರು ಪುನಃ ಅಕ್ಷರ ತಿದ್ದಲು ಕೂತರೆಂಬದನ್ನು ನಾವು ಮರೆಯಬಾರದು. ನಮ್ಮ ನಾಡಿಗೆ 1853ರಲ್ಲಿ ಬಂದ ಕಿಟ್ಟೆಲರೂ ಕಲಿಸಬಂದು ಕಲಿಯುವವರಾದರು. 1894ರಲ್ಲಿ ಅಚ್ಚಾದ ಅವರ ಕನ್ನಡ ನಿಘಂಟು ಅದಕ್ಕೆ ಗುರುತು.

ಇಲ್ಲಿ ಶಾಲೆಯ ಕುರಿತು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮಿಶನ್ ಶಾಲೆಗಳಲ್ಲಿ ನಾನಾ ಮತಗಳ ಮಕ್ಕಳು ಒಂದೇ ಮಣೆಯ ಮೇಲೆ ಕೂತು ಓದುತ್ತಾರೆ. 1950ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನದ 25ನೆಯ ವಿಧಿಯು, ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳ ಮೇರೆಯೊಳಗೆ, ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ ತನ್ನ ಮತವನ್ನು ಆಚರಿಸುವ ಮತ್ತು ಸಾರುವ ಹಕ್ಕನ್ನೂ ಕೊಟ್ಟಿದೆ. 28ನೆಯ ವಿಧಿಯು, ಸರಕಾರದ ಮನ್ನಣೆಯನ್ನಾಗಲಿ ಧನಸಹಾಯವನ್ನಾಗಲಿ ಪಡೆದ ಶಾಲೆಯಲ್ಲಿ ಓದುವವರನ್ನು ಅವರ ಸಮ್ಮತಿಯಿಲ್ಲದೆ, ಎಳೆಯರಾದರೆ ಪೋಷಕರ ಸಮ್ಮತಿಯಿಲ್ಲದೆ, ಮತಬೋಧೆಗೆ ಕೂಡಿಸಬಾರದೆಂದು ವಿಧಿಸುತ್ತದೆ. ಕೆಲವರು ಇದನ್ನು ಅಡ್ಡಿಯೆಂದೆಣಿಸುವರು; ನಾವು ಹಾಗೆಣಿಸುವದಿಲ್ಲ. ಅಂಕ ಕೊಡುವ ಕೈಯಲ್ಲಿ ಮತವನ್ನೂ ನೀಡಿದರೆ, ಹುಡುಗಿಯು ಒಪ್ಪಿದ್ದು ಕ್ರಿಸ್ತನನ್ನೋ ಅಂಕವನ್ನೋ ಯಾರು ಹೇಳಬಲ್ಲರು? ಹಾಸಿಗೆ ಹಿಡಿದ ರೋಗಿಯ ಮುಂದೆ ನಿಂತ ದಾದಿಗೂ, ಮನೆಗೆಲಸದವಳ ಮುಂದೆ ನಿಂತ ಯಜಮಾನಿಗೂ ಇದೇ ನ್ಯಾಯವು ಸಲ್ಲುವದು. ಆಶೆ ತೋರಿಸಿ ಕೊಟ್ಟ ಸುವಾರ್ತೆಯು ಸುವಾರ್ತೆಯಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರೋಣವೋ? ಅದೂ ಸಲ್ಲದು. ನಡತೆಯೇ ಸಾಕು, ಮಾತು ಬೇಡವೆಂದು ಹೇಳುವವರನ್ನು ಕೇಳಿದ್ದೇವೆ. ಕೆಲವರಲ್ಲಿ ಇದು ವಿನಯ. ಅನೇಕರಲ್ಲಿ ಇದು ನಾಚಿಕೆ. ನಿರೀಕ್ಷೆಯ ಕಾರಣವನ್ನು ಕೇಳುವವರಿಗೆ ಸಾತ್ವಿಕತ್ವದಿಂದ ಉತ್ತರ ಹೇಳಲು ಸಿದ್ಧವಾಗಿರಬೇಕೆಂದು ಅಪೊಸ್ತಲನಾದ ಪೇತ್ರನು ಬುದ್ಧಿ ಹೇಳಿದ್ದಾನೆ. ಕೇಳುವವರಿಗೆ ಕೇಳಬೇಕೆಂದು ಅನಿಸಬೇಕಾದರೆ ನಮ್ಮ ನಡತೆಯಲ್ಲಿ ಏನಾದರೂ ಕಾಣಬೇಕು. ಕೇಳಿದಾಗ ಹೇಳಬೇಕಾದರೆ ನಮ್ಮೊಳಗೆ ಏನಾದರೂ ಇರಬೇಕು.

ಆದದರಿಂದ ಪ್ರಿಯ ಸಹೋದರಿಯರೇ, ನಿಮಗೆ ನಮ್ಮ ಬುದ್ಧಿವಾದವು ಇಷ್ಟೇ. ದಿನದಲ್ಲಿ ಸ್ವಲ್ಪ ಹೊತ್ತನ್ನಾದರೂ ವೇದಪಾರಾಯಣಕ್ಕೂ ಪ್ರಾರ್ಥನೆಗೂ ಮೀಸಲಾಗಿಡಿರಿ. ಸಭೆಯನ್ನು ಬಿಟ್ಟು ಒಂಟಿಯಾಗಬೇಡಿರಿ. ಒಂದೇ ಕೆಂಡವು ಬೇಗನೆ ಬೂದಿಯಾಗುವದು. ಕೂಲಿಯವಳಿಗೆ ಸಂಜೆಯೇ ಸಂಬಳ ಕೊಡಿರಿ. ಅತ್ತೆಯ ಮುಂದೆಯೂ ಹಿಂದೆಯೂ ಒಂದೇ ಮಾತಾಡಿರಿ. ನೆರೆಯವರ ದೇವರನ್ನು ಹೀಯಾಳಿಸಬೇಡಿರಿ. ಅವರ ಮನೆಯ ದುಃಖಕ್ಕೆ ಕರೆಯದೆಯೇ ಹೋಗಿರಿ. ನಿಮ್ಮ ನಿರೀಕ್ಷೆಯ ಕಾರಣವನ್ನು ಅವರು ಒಂದು ದಿನ ಕೇಳಿದರೆ, ಪುಸ್ತಕದ ಮಾತುಗಳನ್ನು ಹುಡುಕದೆ, ಮನೆಮಾತಿನಲ್ಲಿ, ಕ್ರಿಸ್ತನು ನಿಮಗೆ ಮಾಡಿದ್ದನ್ನು ಇದ್ದದ್ದು ಇದ್ದಂತೆ ಹೇಳಿರಿ, ಆಮೇಲೆ ಸುಮ್ಮನಿರಿ. ಬಿತ್ತಿದ್ದನ್ನು ಬೆಳೆಯಿಸುವಾತನು ಬೇರೊಬ್ಬನಿದ್ದಾನೆ. ಆತನೇ ನಿಮ್ಮನ್ನು ಕೊನೆಯ ವರೆಗೂ ತನ್ನ ಶಾಲೆಯಲ್ಲಿ ಇಟ್ಟುಕೊಳ್ಳಲೆಂದು ನಮ್ಮ ಪ್ರಾರ್ಥನೆ.