ಪದವಿ ಬೆಳಗಾವಿಯದು, ಕೆಲಸ ಎಲ್ಲಿಯದು?

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟರೆ ಉದ್ಯಮಬಾಗ ದಾಟಿದ ಮೇಲೆ ಮಚ್ಛೆ ಸಿಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ‘ಜ್ಞಾನ ಸಂಗಮ’ ಇರುವುದು ಇಲ್ಲಿ. 1998ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ವ್ಯಾಪ್ತಿಗೆ ರಾಜ್ಯದ 200ಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳು ಸೇರಿವೆ. ಬೀದರಿನಿಂದ ಚಾಮರಾಜನಗರದವರೆಗೆ ಬಹುಪಾಲು ಎಂಜಿನಿಯರುಗಳ ಪದವಿ ಪತ್ರ ಸಿದ್ಧವಾಗುವುದು ಈ ರಸ್ತೆಯ ಪಕ್ಕದಲ್ಲಿ. ಆದರೆ ಇದೇ ರಸ್ತೆಯಲ್ಲಿ ಇನ್ನು ಸ್ವಲ್ಪ ಮುಂದೆ ಸಿಗುವ ಖಾನಾಪುರದ ಹುಡುಗನಿಗೋ ಹುಡುಗಿಗೋ ಆ ಪದವಿಗೆ ತಕ್ಕ ಕೆಲಸ ಬೇಕಾದರೆ ಸುಮಾರು 500 ಕಿಲೊಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ಈ ಕತ್ತಲೆಗೆ ಪರಿಹಾರವಾಗಿ ವರ್ಷಗಳಿಂದ ಕೇಳಿಬರುತ್ತಿರುವ ಬೇಡಿಕೆ ಒಂದೇ: ಬೆಳಗಾವಿಗೂ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿ ಬರಬೇಕು. ರಾಜಕಾರಣಿಗಳು ಭರವಸೆ ಕೊಡುತ್ತಾರೆ, ಸಂಘ ಸಂಸ್ಥೆಗಳು ಮನವಿ ಸಲ್ಲಿಸುತ್ತವೆ. ನಾನು ಬೆಂಗಳೂರಿನ ಅಂತಹ ಕಂಪನಿಯೊಂದರಲ್ಲಿ ಎರಡು ದಶಕಗಳ ಸಮೀಪ ದುಡಿದು ಈಗ ಬೆಳಗಾವಿಗೆ ಮರಳಿದವನು. ಈ ಬೇಡಿಕೆಯನ್ನು ನಾನು ವಿರೋಧಿಸುವುದಿಲ್ಲ. ಆದರೆ ನಾವು ಏನನ್ನು ಕೇಳುತ್ತಿದ್ದೇವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಟ್ಟಡ ಬೇಕೋ, ಕೆಲಸ ಬೇಕೋ? ಎರಡೂ ಒಂದೇ ಅಲ್ಲ.

ದೊಡ್ಡ ಕಂಪನಿ ಎಂದೊಡನೆ ಹುಲ್ಲುಹಾಸು ಮತ್ತು ಗಾಜಿನ ಗೋಡೆಗಳು ಕಣ್ಣ ಮುಂದೆ ಬರುತ್ತವೆ. ಒಳಗಿನ ವ್ಯಾಪಾರ ಸರಳವಾದದ್ದು. ನಮ್ಮ ಹೆಸರಾಂತ ಸೇವಾ ಕಂಪನಿಗಳು ಬಹುಮಟ್ಟಿಗೆ ಮಾರುವುದು ಮನುಷ್ಯರ ಗಂಟೆಗಳನ್ನು. ಅಮೆರಿಕದ ಬ್ಯಾಂಕಿಗೋ ಯುರೋಪಿನ ವಿಮಾ ಸಂಸ್ಥೆಗೋ ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್ ಎಂದು ಲೆಕ್ಕ ಹೋಗುತ್ತದೆ. ಆ ಲೆಕ್ಕಕ್ಕೆ ಸೇರಿದವನು ‘ಬಿಲ್ಲಬಲ್’. ಸೇರದೆ ಕೆಲಸಕ್ಕಾಗಿ ಕಾಯುತ್ತಿರುವವನು ‘ಬೆಂಚ್’ ಮೇಲಿದ್ದಾನೆ. ಹೊಲಕ್ಕೆ ಆಳು ಕಳುಹಿಸುವ ಮೇಸ್ತ್ರಿಯ ಲೆಕ್ಕಕ್ಕೂ ಇದಕ್ಕೂ ಮೂಲದಲ್ಲಿ ಹೆಚ್ಚಿನ ಅಂತರವಿಲ್ಲ. ಮೊತ್ತ ಮಾತ್ರ ದೊಡ್ಡದು.

ಈ ವ್ಯಾಪಾರ ನಿಂತಿರುವುದು ಪಿರಮಿಡ್ಡಿನ ಆಕಾರದಲ್ಲಿ. ತಳದಲ್ಲಿ ಕಡಿಮೆ ಸಂಬಳದ ಸಾವಿರಾರು ಹೊಸಬರು, ಮೇಲೆ ಹೋದಂತೆ ಹೆಚ್ಚು ಸಂಬಳದ ಕೆಲವರು. ತಳ ಅಗಲವಾಗಿದ್ದಷ್ಟೂ ಲಾಭ ಹೆಚ್ಚು. ಹತ್ತು ಹದಿನೈದು ವರ್ಷಗಳ ಹಿಂದೆ ಹೊಸ ಎಂಜಿನಿಯರಿಗೆ ವರ್ಷಕ್ಕೆ ಸುಮಾರು 3ರಿಂದ 3.5 ಲಕ್ಷ ರೂಪಾಯಿ ಸಿಗುತ್ತಿತ್ತು. ಇಂದಿಗೂ ಬಹುಪಾಲು ಸಾಮಾನ್ಯ ನೇಮಕಾತಿಗಳು ಅದರ ಆಸುಪಾಸಿನಲ್ಲೇ ಇವೆ. ಈ ಅವಧಿಯಲ್ಲಿ ಬೆಂಗಳೂರಿನ ಮನೆ ಬಾಡಿಗೆ ಎಷ್ಟು ಪಟ್ಟು ಏರಿದೆ ಎಂಬುದನ್ನು ಅಲ್ಲಿ ಮಕ್ಕಳನ್ನು ಇಟ್ಟಿರುವ ಪ್ರತಿ ತಂದೆ ತಾಯಿಯೂ ಬಲ್ಲರು.

ಹಾಗೆಂದು ಈ ಉದ್ಯಮದ ಋಣವನ್ನು ಅಲ್ಲಗಳೆಯುವುದು ಕೃತಘ್ನತೆಯಾಗುತ್ತದೆ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ 10 ಸಾವಿರ ರೂಪಾಯಿಯಿಂದ ಆರಂಭಿಸಿದ ಇನ್ಫೊಸಿಸ್ ಇಂದು ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಅನ್ನ ಕೊಡುತ್ತಿದೆ. ಜಾತಿ ಕೇಳದೆ, ವಶೀಲಿ ಬೇಡದೆ, ಪರೀಕ್ಷೆ ಬರೆಸಿ ಕೆಲಸ ಕೊಡುವ ಪದ್ಧತಿಯನ್ನು ಮಧ್ಯಮ ವರ್ಗ ದೊಡ್ಡ ಪ್ರಮಾಣದಲ್ಲಿ ಕಂಡದ್ದು ಇಂತಹ ಕಂಪನಿಗಳಲ್ಲಿ. ಒಕ್ಕಲುತನದ ಮನೆಗಳಿಂದ, ಹೆಂಚಿನ ಕಾರ್ಖಾನೆಯ ಕೂಲಿಕಾರರ ಮನೆಗಳಿಂದ ಬಂದ ಮಕ್ಕಳು ಸಾಲ ತೀರಿಸಿ, ತಂಗಿಯರನ್ನು ಓದಿಸಿ, ಮನೆ ಕಟ್ಟಿಸಿದ್ದನ್ನು ನಾನೇ ನೋಡಿದ್ದೇನೆ. ನನ್ನ ಮನೆಯ ಗೋಡೆಗಳೂ ಆ ಸಂಬಳದವೇ.

ಆದರೆ ಸಂಬಳದ ಜೊತೆಗೆ ಬರುವ ಬದುಕಿನ ಬಗ್ಗೆ ಕ್ಯಾಂಪಸ್ ಸಂದರ್ಶನದಲ್ಲಿ ಯಾರೂ ಹೇಳುವುದಿಲ್ಲ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮ್ಮಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಗಿರಾಕಿಯ ದಿನ ಆರಂಭವಾಗುವ ಹೊತ್ತಿಗೆ ಇಲ್ಲಿಯವನ ದಿನ ಮುಗಿದಿರುವುದಿಲ್ಲ. ವರ್ಷಕ್ಕೊಮ್ಮೆ ಮೌಲ್ಯಮಾಪನ ನಡೆಯುತ್ತದೆ. ಹತ್ತು ಜನರ ತಂಡದಲ್ಲಿ ಹತ್ತೂ ಜನ ಚೆನ್ನಾಗಿ ದುಡಿದಿದ್ದರೂ ಒಬ್ಬಿಬ್ಬರನ್ನು ಕೊನೆಯ ಸಾಲಿಗೆ ತಳ್ಳಬೇಕೆಂಬ ಲೆಕ್ಕಾಚಾರವನ್ನು ಅನೇಕ ಕಂಪನಿಗಳು ಬಹುಕಾಲ ಪಾಲಿಸಿದವು. ಸಭೆಗಳಲ್ಲಿ ‘ಎಷ್ಟು ಜನ’ ಎಂದು ಕೇಳುವುದಿಲ್ಲ, ‘ಎಷ್ಟು ರಿಸೋರ್ಸ್’ ಎಂದು ಕೇಳುತ್ತಾರೆ. ಮನುಷ್ಯ ಸಂಪನ್ಮೂಲವಾದ ಮೇಲೆ ಅವನಿಗೊಂದು ಊರು ಇರುವುದು ಲೆಕ್ಕಕ್ಕೆ ಬರುವುದಿಲ್ಲ.

ಊರು ಲೆಕ್ಕಕ್ಕೆ ಬಂದದ್ದು ಒಂದೇ ಸಲ, 2020ರಲ್ಲಿ. ಕೋವಿಡ್ ಲಾಕ್‌ಡೌನ್ ಘೋಷಣೆಯಾದ ಕೆಲವೇ ವಾರಗಳಲ್ಲಿ ಇಡೀ ಉದ್ಯಮ ಮನೆಗಳಿಗೆ ಸ್ಥಳಾಂತರವಾಯಿತು. ಕಂಪನಿಗಳು ನೆಲಕಚ್ಚಲಿಲ್ಲ, ಬೆಳೆದವು. ಉದ್ಯಮದ ಸಂಘಟನೆ ನಾಸ್ಕಾಂ ಲೆಕ್ಕದ ಪ್ರಕಾರ 2021–22ರಲ್ಲಿ ಭಾರತದ ಮಾಹಿತಿ ತಂತ್ರಜ್ಞಾನ ಉದ್ಯಮ ಶೇ 15.5ರಷ್ಟು ಬೆಳೆದು 227 ಶತಕೋಟಿ ಡಾಲರ್ ತಲುಪಿತು. ಆ ಬೆಳವಣಿಗೆಯ ಒಂದು ಪಾಲು ಊರಿನ ಪಡಸಾಲೆಗಳಲ್ಲಿ ಕುಳಿತವರ ದುಡಿಮೆಯದು.

ನನ್ನ ತಂಡದಲ್ಲಿ ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯ ಯುವಕನೊಬ್ಬನಿದ್ದ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್. ಮೂರೂ ಭಾಷೆಯಲ್ಲಿ ಅಚ್ಚುಕಟ್ಟಾದ ಮಾತು. ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟಾಗ ಬೈಕ್ ಹತ್ತಿ ಖಾನಾಪುರ ಪಟ್ಟಣಕ್ಕೆ ಬಂದು ಪರಿಚಯದವರ ಅಂಗಡಿಯಲ್ಲಿ ಕುಳಿತು ಕೆಲಸ ಮುಗಿಸುತ್ತಿದ್ದ. ಎರಡೂವರೆ ವರ್ಷದಲ್ಲಿ ಅವನ ಕೆಲಸದ ಬಗ್ಗೆ ಗಿರಾಕಿಯಿಂದ ಒಂದು ದೂರೂ ಬರಲಿಲ್ಲ. ಅಷ್ಟರಲ್ಲಿ ತಂದೆ ಹಾಸಿಗೆ ಹಿಡಿದಿದ್ದರು. ಭತ್ತದ ಗದ್ದೆಯನ್ನೂ ಇವನೇ ನೋಡಿಕೊಳ್ಳುತ್ತಿದ್ದ. ಬಳಿಕ ಎಲ್ಲರೂ ಕಚೇರಿಗೆ ಮರಳಬೇಕೆಂಬ ಆದೇಶ ಬಂತು. ಅವನು ಫೋನಿನಲ್ಲಿ ಕೇಳಿದ: ‘ಸರ್, ಕೆಲಸ ಅದ ಐತಿ, ಗಿರಾಕಿನೂ ಅವರ ಅದಾರ. ನಾ ಕುಂದ್ರೂ ಜಾಗಾ ಬದಲಾದ್ರ ಅವರಿಗೇನ್ರಿ ಫರಕ ಬೀಳತೈತಿ?’ ವಿನಾಯಿತಿ ಕೋರಿ ನಾನು ಮೂರು ಬಾರಿ ಬರೆದೆ. ಉತ್ತರ ಒಂದೇ: ನಿಯಮ ಎಲ್ಲರಿಗೂ ಸಮಾನ. ಅವನು ರಾಜೀನಾಮೆ ಕೊಟ್ಟ. ಅವನ ಪ್ರಶ್ನೆಗೆ ಇಂದಿಗೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಹೊಸಬರು ಹಿರಿಯರ ಪಕ್ಕ ಕುಳಿತು ಕಲಿಯಬೇಕು, ಗಿರಾಕಿಯ ಮಾಹಿತಿ ಸುರಕ್ಷಿತವಾಗಿರಬೇಕು ಎಂಬ ಕಂಪನಿಗಳ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಕಲಿಕೆ ಬೆಂಗಳೂರಿನಲ್ಲೇ ಆಗಬೇಕೆಂಬ ನಿಯಮ ಎಲ್ಲಿದೆ? ಬೆಳಗಾವಿಯಲ್ಲಿ ಐವತ್ತು ಜನ ಕೂರುವ ಸುಸಜ್ಜಿತ ಕಚೇರಿ ಇದ್ದರೆ ಎರಡೂ ಉದ್ದೇಶ ಈಡೇರುತ್ತವೆ. ದೂರ ಇರುವುದು ತಂತ್ರಜ್ಞಾನದಲ್ಲಿ ಅಲ್ಲ, ಆಡಳಿತದ ಅಭ್ಯಾಸದಲ್ಲಿ.

ಈ ಪ್ರಶ್ನೆ ಈಗ ಇನ್ನಷ್ಟು ತುರ್ತಿನದಾಗಿದೆ. 2025ರ ಫೆಬ್ರುವರಿಯಲ್ಲಿ ಮೈಸೂರಿನ ಇನ್ಫೊಸಿಸ್ ತರಬೇತಿ ಕೇಂದ್ರದಿಂದ 300ಕ್ಕೂ ಹೆಚ್ಚು ತರಬೇತಿನಿರತರನ್ನು ಹೊರಕಳುಹಿಸಲಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂಬುದು ಕಂಪನಿಯ ವಿವರಣೆ. ಅವರಲ್ಲಿ ಹಲವರು ನೇಮಕಾತಿ ಪತ್ರ ಹಿಡಿದು ಎರಡು ವರ್ಷದಷ್ಟು ಕಾಲ ಕಾದಿದ್ದವರು. ಅದೇ ವರ್ಷದ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆ ಮೊದಲು ಕಬಳಿಸುತ್ತಿರುವುದು ಸಾಮಾನ್ಯ ಕೋಡ್ ಬರೆಯುವ, ಪರೀಕ್ಷಿಸುವ, ದೋಷ ತಿದ್ದುವ ಕೆಲಸವನ್ನು. ಅದು ಪಿರಮಿಡ್ಡಿನ ತಳದ ಮೆಟ್ಟಿಲು. ನಮ್ಮ ಜಿಲ್ಲೆಯ ಮಕ್ಕಳು ಮೊದಲು ಕಾಲಿಡುವ ಮೆಟ್ಟಿಲೂ ಅದೇ.

ಹಾಗಾದರೆ ಬೆಳಗಾವಿಗೆ ಬೇರೆ ದಾರಿಯಿಲ್ಲವೇ? ಇದೆ, ಹಿತ್ತಲ ಗಿಡವೆಂದು ಅದನ್ನು ನಾವು ಮದ್ದೆಂದು ನಂಬಿಲ್ಲ. ಉದ್ಯಮಬಾಗ, ಮಚ್ಛೆಗಳ ಫೌಂಡ್ರಿಗಳಲ್ಲಿ, ಯಂತ್ರಭಾಗಗಳ ಕಾರ್ಖಾನೆಗಳಲ್ಲಿ ತಲೆಮಾರುಗಳ ಕೌಶಲವಿದೆ. ಸುರೇಶ ಹುಂದರೆ ಅವರು ಕಟ್ಟಿದ ಪಾಲಿಹೈಡ್ರಾನ್, ಲಂಚ ಕೊಡದೆ, ಲೆಕ್ಕ ಮುಚ್ಚಿಡದೆ ಹೈಡ್ರಾಲಿಕ್ ಉಪಕರಣಗಳ ಉದ್ಯಮ ನಡೆಸಬಹುದೆಂದು ಇಲ್ಲಿಂದಲೇ ತೋರಿಸಿತು. ಹತ್ತರಗಿ ಬಳಿಯ ವಿಶೇಷ ಆರ್ಥಿಕ ವಲಯದಲ್ಲಿ ಏಕಸ್ ಕಂಪನಿ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬಿಡಿಭಾಗ ತಯಾರಿಸುತ್ತಿದೆ. 1997ರಲ್ಲಿ ಆರಂಭವಾದ ಎಂಜಿನಿಯರಿಂಗ್ ಸೇವಾ ಸಂಸ್ಥೆ ಕ್ವೆಸ್ಟ್ ಗ್ಲೋಬಲ್ ಬೆಳಗಾವಿಯಲ್ಲಿ ಕೇಂದ್ರ ಹೊಂದಿದೆ. ಊರಿನ ಕೌಶಲವನ್ನು ಆಧರಿಸಿ ಬಂದ ಉದ್ಯಮ ಸುಲಭವಾಗಿ ಎದ್ದು ಹೋಗುವುದಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲಿ ನೆಲೆಸಿರುವುದಕ್ಕೂ ಆ ಊರಿನ ಮಣ್ಣಿಗೂ ಇರುವ ನಂಟನ್ನು ನೆನೆದರೆ ಈ ಮಾತು ಅರ್ಥವಾಗುತ್ತದೆ.

ಆದ್ದರಿಂದ ಸರ್ಕಾರವನ್ನು ನಾವು ಕೇಳಬೇಕಾದದ್ದು ಬೇರೆಯೇ ಇದೆ. ‘ಬಿಯಾಂಡ್ ಬೆಂಗಳೂರು’ ಯೋಜನೆಯಲ್ಲಿ ಹುಬ್ಬಳ್ಳಿ–ಧಾರವಾಡ–ಬೆಳಗಾವಿಯನ್ನು ಒಂದು ಕ್ಲಸ್ಟರ್ ಎಂದು ಗುರುತಿಸಲಾಗಿದೆ. ಹೆಸರು ಕೊಟ್ಟರೆ ಸಾಲದು. ಹುಬ್ಬಳ್ಳಿಯಲ್ಲಿ ಇನ್ಫೊಸಿಸ್ ಕಟ್ಟಡ ತಲೆಯೆತ್ತಿ ನಿಂತ ಮೇಲೂ ಅಲ್ಲಿ ಕೆಲಸ ಆರಂಭವಾದದ್ದು 2022ರಲ್ಲಿ. ಅದಕ್ಕಾಗಿ ಸ್ಥಳೀಯರು ಅಭಿಯಾನವನ್ನೇ ನಡೆಸಬೇಕಾಯಿತು. ಈ ಪಾಠ ನಮಗೆ ಸಾಕು. ಭೂಮಿ ಮತ್ತು ತೆರಿಗೆ ರಿಯಾಯಿತಿಗಳನ್ನು ಒಡಂಬಡಿಕೆಯ ಕಾಗದಕ್ಕಲ್ಲ, ಪ್ರತಿ ವರ್ಷ ಇಲ್ಲಿ ಕುಳಿತು ದುಡಿಯುವವರ ಸಂಖ್ಯೆಗೆ ಕಟ್ಟಬೇಕು. ನೂರು ಎಕರೆಯ ಒಂದು ಕ್ಯಾಂಪಸ್ಸಿಗಿಂತ ಬೆಳಗಾವಿ, ಖಾನಾಪುರ, ಗೋಕಾಕಗಳಲ್ಲಿ ಹಲವು ಕಂಪನಿಗಳು ಹಂಚಿಕೊಳ್ಳಬಹುದಾದ ಸಣ್ಣ ಕಚೇರಿಗಳು, ಕಡಿತವಿಲ್ಲದ ವಿದ್ಯುತ್ತು, ಮಳೆಗಾಲದಲ್ಲೂ ನಿಲ್ಲದ ಅಂತರ್ಜಾಲ ಹೆಚ್ಚು ಉಪಯುಕ್ತ.

ಎರಡನೆಯದು, ಉದ್ಯೋಗಿಯ ರಕ್ಷಣೆ. ಮಾಹಿತಿ ತಂತ್ರಜ್ಞಾನ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಔದ್ಯೋಗಿಕ ಸ್ಥಾಯಿ ಆದೇಶಗಳ ಕಾಯ್ದೆಯಿಂದ 2014ರಲ್ಲಿ ವಿನಾಯಿತಿ ನೀಡಿತ್ತು. 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಕೆಲಸದಿಂದ ತೆಗೆದವರ ವಿವರವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದು ಆ ವಿನಾಯಿತಿಯ ಷರತ್ತುಗಳಲ್ಲಿ ಒಂದಾಗಿತ್ತು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾನೂನಿನ ಹೆಸರು ಯಾವುದೇ ಇರಲಿ, ಎಷ್ಟು ಮಂದಿಯನ್ನು ಯಾವ ಕಾರಣಕ್ಕೆ ಮನೆಗೆ ಕಳುಹಿಸಲಾಯಿತು ಎಂಬ ಅಂಕಿಅಂಶ ಕಡತದಲ್ಲಿ ಉಳಿಯದೆ ಸಾರ್ವಜನಿಕವಾಗಬೇಕು.

ಮೂರನೆಯದು ಕಾಲೇಜುಗಳ ಹೊಣೆ. ಪ್ರವೇಶದ ಹೊತ್ತಿನಲ್ಲಿ ಜಾಹೀರಾತು ಫಲಕಗಳ ತುಂಬ ‘ಪ್ಲೇಸ್‌ಮೆಂಟ್’ ಸಂಖ್ಯೆ ರಾರಾಜಿಸುತ್ತದೆ. ನೇಮಕಾತಿ ಪತ್ರ ಪಡೆದವರಲ್ಲಿ ಎಷ್ಟು ಜನರಿಗೆ ನಿಜವಾಗಿ ಕೆಲಸ ಸಿಕ್ಕಿತು, ಮೂರು ವರ್ಷದ ನಂತರ ಎಷ್ಟು ಜನ ಉಳಿದಿದ್ದಾರೆ ಎಂಬುದನ್ನೂ ಪ್ರಕಟಿಸುವಂತೆ ವಿಶ್ವವಿದ್ಯಾಲಯ ಕಡ್ಡಾಯಗೊಳಿಸಲಿ. ಹೊಲ ಅಡವಿಟ್ಟು ಶುಲ್ಕ ಕಟ್ಟುವ ತಂದೆಗೆ ಅಷ್ಟಾದರೂ ತಿಳಿಯುವ ಹಕ್ಕಿದೆ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಹಲವು ತಾಲ್ಲೂಕುಗಳ ಭೂಮಿಗೆ ನೀರುಣಿಸುತ್ತದೆ. ಅದರ ನೀರಿನ ಪಾಲಿಗಾಗಿ ಈ ಭಾಗದ ಜನ ದಶಕಗಳಿಂದ ಹೋರಾಡುತ್ತ ಬಂದಿದ್ದಾರೆ. ಅದೇ ತಾಲ್ಲೂಕಿನಿಂದ ಹೊರಗೆ ಹರಿದು ಹೋಗುತ್ತಿರುವ ಬುದ್ಧಿಶಕ್ತಿಯ ಬಗ್ಗೆ ಮಾತ್ರ ನಮ್ಮಲ್ಲಿ ಚಳವಳಿಯಿಲ್ಲ, ಠರಾವಿಲ್ಲ, ಸುವರ್ಣಸೌಧದಲ್ಲಿ ಒಂದು ದಿನದ ಚರ್ಚೆಯೂ ಇಲ್ಲ. ಹೋಗಬೇಕೆನ್ನುವವರು ಬೆಂಗಳೂರಿಗೂ ಹೋಗಲಿ, ಬೋಸ್ಟನ್ನಿಗೂ ಹೋಗಲಿ. ಆದರೆ ಊರಲ್ಲೇ ಇದ್ದು ದುಡಿಯಬಲ್ಲೆ ಎಂದು ಎರಡೂವರೆ ವರ್ಷ ದುಡಿದು ತೋರಿಸಿದವರಿಗೆ ಊರು ಬಿಡು, ಇಲ್ಲವೇ ಕೆಲಸ ಬಿಡು ಎನ್ನುವುದು ನ್ಯಾಯವಲ್ಲ. ಮುಂದಿನ ಬಾರಿ ಯಾರಾದರೂ ಬೆಳಗಾವಿಗೆ ದೊಡ್ಡ ಕಂಪನಿ ತರುತ್ತೇನೆಂದು ವೇದಿಕೆ ಹತ್ತಿದರೆ ನಾವು ಎಕರೆಯ ಲೆಕ್ಕ ಕೇಳುವುದು ಬೇಡ. ಎಷ್ಟು ಜನರಿಗೆ, ಎಷ್ಟು ಸಂಬಳಕ್ಕೆ, ಎಷ್ಟು ವರ್ಷದ ಕೆಲಸ ಎಂದು ಕೇಳೋಣ.